ಒಂದು ವರ್ಷದ ಋಣ: ಎಡ್ವರ್ಡ್ ಬ್ರೌನ್

ಹೈದರಾಬಾದಿನಲ್ಲಿ ಬ್ರೌನ್ ಅಂದರೆ ಸಾಕು, ನಮ್ಮ ತೆಲುಗು ಮಿತ್ರರಿಗೆ ಸಿ. ಪಿ. ಬ್ರೌನ್ ನೆನಪಾಗುತ್ತಾನೆ. ತೆಲುಗಿಗೆ ನಿಘಂಟು ಕಟ್ಟಿಕೊಟ್ಟ ದೊರೆ; ನಮಗೆ ಕಿಟ್ಟೆಲ್ ಹೇಗೋ ಅವರಿಗೆ ಆತ ಹಾಗೆ. ನಾನು ಇಲ್ಲಿ ಹೇಳಹೊರಟಿರುವ ಬ್ರೌನ್ ಬೇರೆ. ಇವನ ಪೂರ್ತಿ ಹೆಸರು ಎಡ್ವರ್ಡ್ ಗ್ರಾನ್‌ವಿಲ್ ಬ್ರೌನ್. ಕೇಂಬ್ರಿಜ್‌ನಲ್ಲಿ ಅರಬ್ಬಿ ಪ್ರೊಫೆಸರ್ ಆಗಿದ್ದವನು, ಪಾರಸಿ ಸಾಹಿತ್ಯದ ಚರಿತ್ರೆಯನ್ನು ನಾಲ್ಕು ಸಂಪುಟಗಳಲ್ಲಿ ಬರೆದವನು. ಪಾರಸಿಯಲ್ಲಿ ಸಂಶೋಧನೆ ಮಾಡ್ತೀನಿ ಅಂತ ಹೆಸರು ಹಚ್ಚಿದವನ ಕೈಗೆ ಮೊದಲ ವಾರವೇ ಬೀಳುವ ಪುಸ್ತಕ ಅದು. ಬೀದರದಿಂದ ಬಂದ ನನ್ನ ಕೈಗೂ ಹಾಗೇ ಬಿತ್ತು. ಓದುವುದಕ್ಕೆ ಮುಂಚೆ ನಾಲ್ಕೂ ಸಂಪುಟಗಳ ಮೊದಲ ಪುಟ ತಿರುವಿ ನೋಡಿದೆ. ಒಂದನೆಯದರ ಇಸವಿ 1902. ಎರಡನೆಯದು 1906. ಮೂರನೆಯದು 1920! ನಾಲ್ಕನೆಯದು 1924. ನಾಲ್ಕು ವರ್ಷಕ್ಕೊಂದು ಸಂಪುಟ ಬರೆಯಬಲ್ಲ ಮನುಷ್ಯ ನಡುವೆ ಹದಿನಾಲ್ಕು ವರ್ಷ ಏನು ಮಾಡುತ್ತಿದ್ದ? ಕಾಯಿಲೆ ಬಿದ್ದಿದ್ದನೇ? ಸೋಮಾರಿಯಾದನೇ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಸಿಕ್ಕಿದ್ದು ಒಬ್ಬ ವಿದ್ವಾಂಸನಿಗಿಂತ ಹೆಚ್ಚಾಗಿ ಒಬ್ಬ ಜಗಳಗಂಟ. ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ.

ಹುಟ್ಟಿದ್ದು 1862ರ ಫೆಬ್ರವರಿ 7ರಂದು, ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಯೂಲಿ ಎಂಬ ಊರಿನಲ್ಲಿ. ತಂದೆ ಬೆಂಜಮಿನ್ ಬ್ರೌನ್ ನ್ಯೂಕ್ಯಾಸಲ್‌ನಲ್ಲಿ ಎಂಜಿನ್ ತಯಾರಿಸುವ ಕಾರಖಾನೆ ನಡೆಸುತ್ತಿದ್ದ ಎಂಜಿನಿಯರ್. ಮನೆಯಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. (ಈ ಮಾತನ್ನು ಈಗಲೇ ಹೇಳಿಬಿಡುವುದು ವಾಸಿ, ಮುಂದೆ ಬೇಕಾಗುತ್ತದೆ.) ಹುಡುಗನನ್ನು ದೊಡ್ಡ ದೊಡ್ಡ ಶಾಲೆಗಳಿಗೆ ಹಾಕಿದರು, ಕೊನೆಗೆ ಈಟನ್‌ಗೂ ಕಳಿಸಿದರು. ಅಲ್ಲಿ ಬೆಳಗಿನಿಂದ ಸಂಜೆತನಕ ಲ್ಯಾಟಿನ್, ಗ್ರೀಕ್. ವ್ಯಾಕರಣವನ್ನು ಬಾಯಿಪಾಠ ಮಾಡಿಸಿ ಭಾಷೆಯ ಮೇಲೇ ಹೇಸಿಗೆ ಬರುವಂತೆ ಮಾಡುವ ವಿದ್ಯೆ ನಮ್ಮ ಮೇಷ್ಟ್ರುಗಳಿಗೆ ಮಾತ್ರ ಗೊತ್ತು ಎಂದು ತಿಳಿದಿದ್ದೆ; ಅಲ್ಲೂ ಇತ್ತು. ಹುಡುಗ ಹದಿನಾರು ತುಂಬುವ ಮುಂಚೆಯೇ ಶಾಲೆ ಬಿಟ್ಟ. ಇನ್ನು ತಂದೆಯ ಹಾಗೆ ಎಂಜಿನಿಯರಾಗಬೇಕು ಎಂಬ ಮಾತು ನಡೆಯಿತು.

ಅಷ್ಟರಲ್ಲಿ 1877ರಲ್ಲಿ ರಷ್ಯಾಕ್ಕೂ ತುರ್ಕಿಗೂ ಯುದ್ಧ ಹತ್ತಿತು. ಬ್ರೌನ್‌ಗೆ ಆಗ ಹದಿನೈದು. ಇಂಗ್ಲೆಂಡಿನ ದೊಡ್ಡ ದೊಡ್ಡವರೆಲ್ಲ ತುರ್ಕರನ್ನು ಬೈಯುತ್ತಿದ್ದ ಕಾಲ. ಹುಡುಗನಿಗೆ ಎಲ್ಲಿತ್ತೋ ಏನೋ, ಸೋಲುತ್ತಿದ್ದವರ ಕಡೆ ಮನಸ್ಸು ವಾಲಿಬಿಟ್ಟಿತು. ಅದು ಎಷ್ಟರ ಮಟ್ಟಿಗೆ ಅಂದರೆ ತುರ್ಕಿ ಸೈನ್ಯ ಸೇರಿ ರಷ್ಯನ್ನರ ಮೇಲೆ ಹೋರಾಡಬೇಕು ಎಂದು ತೀರ್ಮಾನಿಸಿದ. ಸೈನ್ಯದಲ್ಲಿ ಅಧಿಕಾರಿಯಾಗಬೇಕಾದರೆ ಭಾಷೆ ಬರಬೇಕಲ್ಲ? ಹಾಗಾಗಿ ತುರ್ಕಿ ಭಾಷೆಯ ವ್ಯಾಕರಣ ತರಿಸಿಕೊಂಡು ಕೂತ. ಹತ್ತಿರದಲ್ಲೇ ಒಬ್ಬ ಐರಿಷ್ ಪಾದ್ರಿ ಇದ್ದ. ಕ್ರಿಮಿಯಾ ಯುದ್ಧದಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದಾಗ ತುರ್ಕಿ ಕಲಿತಿದ್ದವನು. ಅವನ ಕಾಲು ಹಿಡಿದು ಪಾಠ ಹೇಳಿಸಿಕೊಂಡ. ಇವನ ಪಾಠ ಮುಂದುವರಿಯುವುದರೊಳಗೆ ತುರ್ಕರು ಸೋತರು, ಯುದ್ಧ ಮುಗಿದೇಹೋಯಿತು. ಕತ್ತಿ ಹಿಡಿಯುವ ಕನಸು ಹೋಯಿತು, ಭಾಷೆ ಉಳಿಯಿತು. ಈಟನ್‌ನಲ್ಲಿ ವರ್ಷಗಟ್ಟಳೆ ಹೊಡೆದು ಹೇಳಿಕೊಟ್ಟರೂ ತಲೆಗೆ ಹತ್ತದ ವ್ಯಾಕರಣ ಇಲ್ಲಿ ತಾನಾಗಿ ಹತ್ತಿತು ನೋಡಿ. ಒಂದು ಜನದ ಮೇಲೆ ಮನಸ್ಸು ಹೋದರೆ ಅವರ ಕ್ರಿಯಾಪದಗಳೂ ನೆನಪಿನಲ್ಲಿ ನಿಲ್ಲುತ್ತವೆ.

ತಂದೆ ಹಟ ಮಾಡಲಿಲ್ಲ. ಎಂಜಿನಿಯರಿಂಗ್ ಬೇಡವಾದರೆ ವೈದ್ಯ ಓದು ಎಂದು 1879ರಲ್ಲಿ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿಗೆ ಕಳಿಸಿದ. ಹಗಲು ಅಂಗರಚನಾಶಾಸ್ತ್ರ, ರಾತ್ರಿ ತುರ್ಕಿ. ತುರ್ಕಿ ಸರಿಯಾಗಿ ಬರಬೇಕಾದರೆ ಅರಬ್ಬಿ ಬೇಕು, ಅರಬ್ಬಿಯ ಜೊತೆಗೆ ಪಾರಸಿಯೂ ಬೇಕು. ಆಟೋಮನ್ ತುರ್ಕಿ ಎಂದರೆ ಈ ಮೂರೂ ಹೆಣೆದುಕೊಂಡ ಜಡೆ. ಕನ್ನಡ ಕಾವ್ಯ ಓದಲು ಕೂತವನು ಸಂಸ್ಕೃತ, ಪ್ರಾಕೃತದ ಬಾಗಿಲು ತಟ್ಟಬೇಕಾಗಿ ಬರುವ ಹಾಗೆ. ಅವನಿಗೆ ಪಾರಸಿಯ ಮೊದಲ ಪಾಠ ಸಿಕ್ಕಿದ್ದು ಕೇಂಬ್ರಿಜ್‌ನಲ್ಲೇ ಓದುತ್ತಿದ್ದ ಒಬ್ಬ ಇಂಡಿಯಾದ ವಿದ್ಯಾರ್ಥಿಯಿಂದ. ಸಾದಿಯ ಗುಲಿಸ್ತಾನವನ್ನು ಅವನ ಜೊತೆ ಕೂತು ಓದಿದ. ಆ ಕಾಲಕ್ಕೆ ಪಾರಸಿ ಬಲ್ಲವರು ಬೇಕೆಂದರೆ ಇಂಡಿಯಾದ ಕಡೆ ನೋಡುವುದು ಸಹಜವೇ ಆಗಿತ್ತು. ಕೇಂಬ್ರಿಜ್‌ನಲ್ಲಿ ಪಾರಸಿಗೆಂದೇ ಬೇರೆ ಪರೀಕ್ಷೆ ಕೂಡ ಇರಲಿಲ್ಲ. ಇಂಡಿಯನ್ ಭಾಷೆಗಳ ಪರೀಕ್ಷೆಯ ಹೊಟ್ಟೆಯೊಳಗೇ ಅರಬ್ಬಿ, ಪಾರಸಿ, ಹಿಂದೂಸ್ತಾನಿ ಎಲ್ಲ ಸೇರಿದ್ದವು. 1884ರಲ್ಲಿ ಬ್ರೌನ್ ಅದರಲ್ಲಿ ಫಸ್ಟ್ ಕ್ಲಾಸ್ ಬಂದ.

ಇಬ್ಬರು ಗುರುಗಳ ವಿಷಯ ಸ್ವಲ್ಪ ಹೇಳಬೇಕು. ಅರಬ್ಬಿ ಕಲಿಸಿದವನು ಎಡ್ವರ್ಡ್ ಪಾಮರ್. ಅಸಾಧ್ಯ ಪ್ರತಿಭೆಯ ಮನುಷ್ಯ, ಅರಬ್ಬಿಯನ್ನು ಅರಬರ ಹಾಗೇ ಮಾತಾಡುತ್ತಿದ್ದ. 1882ರಲ್ಲಿ ಬ್ರಿಟಿಷರು ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸರಕಾರ ಅವನನ್ನು ಗುಟ್ಟಾಗಿ ಸಿನಾಯ್ ಮರುಭೂಮಿಗೆ ಕಳಿಸಿತು. ಬೆದೂಯಿನ್ ಕುಲಗಳನ್ನು ಒಲಿಸಿಕೊಳ್ಳುವುದು, ಒಂಟೆಗಳನ್ನು ಕೊಳ್ಳುವುದು ಅವನ ಕೆಲಸ. ಅಲ್ಲೇ ಅವನನ್ನು ಹಿಡಿದು ಕೊಂದರು. ಪುಸ್ತಕದ ಭಾಷೆ ಸೈನ್ಯದ ಸಾಮಾನಾಗಿ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಇಪ್ಪತ್ತರ ಹರೆಯದಲ್ಲೇ ಬ್ರೌನ್ ಹತ್ತಿರದಿಂದ ನೋಡಿದ ಎಂದಾಯಿತು. ಅವನು ಇದರಿಂದ ಏನು ತಿಳಿದುಕೊಂಡನೋ ನಾನು ಊಹಿಸಲಾರೆ. ಮುಂದೆ ಅವನು ನಡೆದ ದಾರಿ ಮಾತ್ರ ಪಾಮರನ ದಾರಿಗೆ ತಿರುಗುಮುರುಗಾಗಿತ್ತು.

ಎರಡನೆಯ ಗುರು ಲಂಡನ್ನಿನ ಲೈಮ್‌ಹೌಸ್ ಎಂಬ ಬಡವರ ಬೀದಿಯಲ್ಲಿದ್ದ ಮಿರ್ಜಾ ಮಹಮ್ಮದ್ ಬಾಕಿರ್. ಪರ್ಷಿಯಾದ ಬವಾನಾತ್ ಎಂಬ ಊರಿನವನು. ಶಿಯಾ ಆಗಿ ಹುಟ್ಟಿ, ದರವೇಶಿಯಾಗಿ, ಕ್ರೈಸ್ತನಾಗಿ, ನಾಸ್ತಿಕನಾಗಿ, ಯಹೂದಿಯಾಗಿ, ಕೊನೆಗೆ ಇಸ್ಲಾಮನ್ನೂ ಕ್ರೈಸ್ತಮತವನ್ನೂ ಸೇರಿಸಿ ತನ್ನದೇ ಒಂದು ಮತ ಕಟ್ಟಿಕೊಂಡು ಕೂತಿದ್ದ. ಶಿಷ್ಯ ಹಾಫಿಜ್ ಓದೋಣ, ರೂಮಿ ಓದೋಣ ಅಂದರೆ ಗುರು ಒಪ್ಪುವುದಿಲ್ಲ. ತಾನು ಬರೆದ ಪದ್ಯ ಇರುವಾಗ ಅವರದು ಯಾಕೆ ಅನ್ನುವವನು. ಹೀಗಾಗಿ ಬ್ರೌನ್ ಆ ಹುಚ್ಚು ಪದ್ಯಗಳನ್ನೇ ತಾಳ್ಮೆಯಿಂದ ಓದಿದ. ಪಾರಸಿ ಮಾತ್ರ ನಾಲಗೆಗೆ ಬಂತು. ನಮ್ಮಲ್ಲಿ ಗೈಡುಗಳ ಬಗ್ಗೆ ಗೊಣಗುವವರು ಈ ಮಿರ್ಜಾನನ್ನು ಒಮ್ಮೆ ನೆನೆಸಿಕೊಳ್ಳಬಹುದು.

ಭಾಷೆ ಬಂತು, ಹೊಟ್ಟೆಪಾಡು? ಪೂರ್ವದ ಭಾಷೆಗಳನ್ನು ಓದುವುದು ಸ್ವಂತ ಆಸ್ತಿ ಇದ್ದವರಿಗೆ ಸರಿ, ದುಡಿದು ತಿನ್ನಬೇಕಾದವನು ವೈದ್ಯವನ್ನೇ ಹಿಡಿದುಕೊಳ್ಳಲಿ ಎಂದು ಅವನಿಗೆ ಪಾಠ ಹೇಳಿದವರೇ ಬುದ್ಧಿ ಹೇಳಿದರು. ಅರ್ಧ ಲೋಕವನ್ನು ಆಳುತ್ತಿದ್ದ ದೇಶದಲ್ಲಿ ಆ ಲೋಕದ ಭಾಷೆ ಕಲಿತವನಿಗೆ ಅನ್ನವಿಲ್ಲ! ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾಗಳಲ್ಲಿ ಹೀಗಿಲ್ಲವಲ್ಲ ಅಂತ ಅವನು ಜೀವನಪೂರ್ತಿ ಸಿಟ್ಟು ಮಾಡಿಕೊಂಡೇ ಇದ್ದ. ಫೆಲೋಶಿಪ್ ಹಣ ಆರಾರು ತಿಂಗಳು ಕಾಯುವ ನಮಗೆ ಈ ಸಿಟ್ಟು ಅರ್ಥವಾಗುತ್ತದೆ. ಸರಿ, ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಕಲಿತ, 1887ರಲ್ಲಿ ಪದವಿಯೂ ಬಂತು. ಹಾಗೇ ಬಿಟ್ಟಿದ್ದರೆ ಲಂಡನ್ನಿನಲ್ಲಿ ಒಬ್ಬ ಒಳ್ಳೆಯ ಡಾಕ್ಟರ್ ಆಗಿ ಹೋಗುತ್ತಿದ್ದ. ಅದೇ ವರ್ಷ ಮೇ ತಿಂಗಳಲ್ಲಿ ಪೆಂಬ್ರೋಕ್ ಕಾಲೇಜು ಅವನನ್ನು ಫೆಲೋ ಆಗಿ ಆರಿಸಿತು. ಅಲ್ಲಿಗೆ ದಾರಿ ತೆರೆಯಿತು. ಕೆಲವೇ ತಿಂಗಳಲ್ಲಿ ಪರ್ಷಿಯಾಕ್ಕೆ ಹೊರಟೇಬಿಟ್ಟ.

ಕಪ್ಪು ಸಮುದ್ರದ ಮೇಲೆ ಟ್ರೆಬಿಜೋಂಡ್‌ತನಕ ಹಡಗು. ಅಲ್ಲಿಂದ ಕುದುರೆ. ಎರ್ಜುರುಮ್, ತಬ್ರೀಜ್, ತೆಹರಾನ್, ಇಸ್ಫಹಾನ್, ಶಿರಾಜ್, ಯಜ್ದ್, ಕೆರ್ಮಾನ್. ಒಟ್ಟು ಸುಮಾರು ಒಂದು ವರ್ಷ, 1887ರ ಶರತ್ಕಾಲದಿಂದ 1888ರ ಶರತ್ಕಾಲದ ತನಕ. ಅವನು ಕಟ್ಟಡಗಳನ್ನು ಅಳೆಯಲು ಹೋದವನಲ್ಲ, ರಾಯಭಾರಿಗಳ ಜೊತೆ ಊಟಕ್ಕೂ ಹೋದವನಲ್ಲ. ಜನರ ಜೊತೆ ಮಾತಾಡಲು ಹೋದವನು. ಅದರಲ್ಲೂ ಒಂದು ಗುಂಪಿನ ಜನ ಬೇಕಾಗಿತ್ತು. 1844ರಲ್ಲಿ ಶಿರಾಜಿನಲ್ಲಿ ಬಾಬ್ ಎಂಬ ತರುಣ ಒಂದು ಹೊಸ ಮತವನ್ನು ಸಾರಿದ್ದ, 1850ರಲ್ಲಿ ಅವನನ್ನು ತಬ್ರೀಜಿನಲ್ಲಿ ಗುಂಡಿಟ್ಟು ಕೊಂದಿದ್ದರು, ಅವನ ಹಿಂಬಾಲಕರನ್ನು ಸಾಲುಸಾಲಾಗಿ ಚಿತ್ರಹಿಂಸೆ ಕೊಟ್ಟು ಸಾಯಿಸಿದ್ದರು. ಇದನ್ನು ಬ್ರೌನ್ ಗೊಬಿನೋ ಎಂಬ ಫ್ರೆಂಚನ ಪುಸ್ತಕದಲ್ಲಿ ಓದಿದ್ದ. ಮತ್ತೆ ಅದೇ, ಸೋತವರ ಕಡೆ ಮನಸ್ಸು! ಆದರೆ ಪರ್ಷಿಯಾದಲ್ಲಿ ಬಾಬಿಗಳನ್ನು ಹುಡುಕುವುದು ಹೇಗೆ? ನಾನು ಬಾಬಿ ಅಂತ ಒಪ್ಪಿಕೊಂಡವನ ತಲೆ ಹೋಗುತ್ತಿದ್ದ ಕಾಲ. ತಿಂಗಳುಗಟ್ಟಳೆ ಹುಡುಕಿದರೂ ಒಬ್ಬನೂ ಸಿಗಲಿಲ್ಲ. ಕೊನೆಗೆ ಇಸ್ಫಹಾನಿನಲ್ಲಿ ಹಳೆಯ ಸಾಮಾನು ಮಾರಲು ಬಂದ ಒಬ್ಬ ದಲ್ಲಾಲ, ಬೆಲೆ ಕುದುರಿಸುತ್ತ ಕುದುರಿಸುತ್ತ, ಯಾರೂ ಕೇಳಿಸಿಕೊಳ್ಳದ ಹಾಗೆ ಕಿವಿಯಲ್ಲಿ ತಾನು ಅವರವನು ಎಂದು ಹೇಳಿದ. ನಮ್ಮ ಎಪಿಎಂಸಿ ಯಾರ್ಡಿನ ದಲ್ಲಾಳಿಯ ಪದವೇ ಅದು. ಅರಬ್ಬಿಯಲ್ಲಿ ಹುಟ್ಟಿ ಪಾರಸಿ ದಾಟಿ ನಮ್ಮಲ್ಲಿಗೆ ಬಂದದ್ದು. ಆ ದಲ್ಲಾಲನ ಕೈ ಹಿಡಿದು ಬ್ರೌನ್ ಬಾಬಿಗಳ ಮನೆಯ ಒಳಕೋಣೆಗಳನ್ನು ಹೊಕ್ಕ.

ಯಜ್ದ್‌ನಲ್ಲಿ ಜರತುಷ್ಟ್ರ ಮತದವರ ತೋಟದಲ್ಲಿ ಇಳಿದುಕೊಂಡ. ಮುಂಬಯಿಯ ಪಾರ್ಸಿಗಳಿಗೆ ಹಳೆಯ ನೆಂಟರು ಇವರು. ಇವರ ಮೇಲಿದ್ದ ಜಿಜಿಯಾ ತೆರಿಗೆ ರದ್ದಾದದ್ದು 1882ರಲ್ಲಿ, ಅದೂ ಮುಂಬಯಿಯ ಪಾರ್ಸಿಗಳು ಹಣ ಖರ್ಚು ಮಾಡಿ ವರ್ಷಗಟ್ಟಳೆ ಓಡಾಡಿದ ಮೇಲೆ. ಬ್ರೌನ್ ಹೋದಾಗ ಇನ್ನೂ ಆರು ವರ್ಷ ಕಳೆದಿತ್ತು ಅಷ್ಟೆ.

ಆಮೇಲೆ ಕೆರ್ಮಾನ್. ಇಲ್ಲಿಯ ಕತೆಯನ್ನು ಅವನು ತಾನೇ ಮುಚ್ಚುಮರೆ ಇಲ್ಲದೆ ಬರೆದಿಟ್ಟಿದ್ದಾನೆ. ಬೇಸಗೆಯಲ್ಲಿ ಕಣ್ಣು ಬೇನೆ ಹತ್ತಿತು, ನೋವು ತಡೆಯಲಾರದಷ್ಟು. ಪರಿಚಯದವನೊಬ್ಬ ಅಫೀಮಿನ ಚಿಲುಮೆ ಸೇದು, ನೋವು ಹೋಗುತ್ತದೆ ಎಂದ. ಸೇದಿದ. ಹೋಯಿತು. ಮರುದಿನ ಮತ್ತೆ. ಇವನೇ ಡಾಕ್ಟರ್, ಅಫೀಮು ಏನು ಮಾಡುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು, ಆದರೂ ಸಿಕ್ಕಿಬಿದ್ದ. ಸಂಜೆಯಾದರೆ ಬಾಬಿಗಳು, ಸೂಫಿಗಳು, ದರವೇಶಿಗಳು, ಊರಿನ ಪೋಕರಿಗಳು ಎಲ್ಲ ಅವನ ಬಿಡಾರದಲ್ಲಿ ಸೇರುವರು. ಚಿಲುಮೆ ಕೈಯಿಂದ ಕೈಗೆ ಹೋಗುವುದು, ದೇವರು, ಅವತಾರ, ಪುನರ್ಜನ್ಮ ಅಂತ ಬೆಳಗಿನ ಜಾವದವರೆಗೆ ವಾದ. ಹೊರಡಬೇಕು ಹೊರಡಬೇಕು ಅಂದುಕೊಳ್ಳುತ್ತಲೇ ದಿನ ಕಳೆದವು. ಅವನು ಅಲ್ಲೇ ಕರಗಿಹೋಗುತ್ತಿದ್ದನೋ ಏನೋ. ಕೇಂಬ್ರಿಜ್‌ನಲ್ಲಿ ಪಾರಸಿಗೆ ಹೊಸದಾಗಿ ಲೆಕ್ಚರರ್ ಹುದ್ದೆ ಮಾಡುತ್ತಿದ್ದಾರೆ, ನೀನು ಅರ್ಜಿ ಹಾಕು ಎಂದು ಒಂದು ತಂತಿ ಬಂತು. ಅದು ಅವನನ್ನು ಎಬ್ಬಿಸಿತು. ಕಷ್ಟಪಟ್ಟು ಅಫೀಮು ಬಿಟ್ಟ, ಕುದುರೆ ಹತ್ತಿದ, ಶರತ್ಕಾಲಕ್ಕೆ ಕೇಂಬ್ರಿಜ್ ಸೇರಿದ. ಮತ್ತೆಂದೂ ಅವನು ಪರ್ಷಿಯಾದಲ್ಲಿ ಕಾಲಿಡಲಿಲ್ಲ. ಹೌದು, ಅವನ ಜೀವಮಾನದ ಪರ್ಷಿಯಾ ಅಷ್ಟೇ, ಒಂದು ವರ್ಷ.

ಆ ವರ್ಷದ ಪ್ರವಾಸಕಥನ 1893ರಲ್ಲಿ ಅಚ್ಚಾಯಿತು. ಆಗ ಯಾರೂ ಹೆಚ್ಚು ಗಮನಿಸಲಿಲ್ಲ. ಎರಡನೆಯ ಮುದ್ರಣ ಬಂದದ್ದು 1926ರಲ್ಲಿ, ಅವನು ಸತ್ತ ವರ್ಷ. ಈಗ ಅದು ಇಂಗ್ಲಿಷಿನ ಅತ್ಯುತ್ತಮ ಪ್ರವಾಸಕಥನಗಳಲ್ಲಿ ಒಂದು ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಅದರಲ್ಲಿ ಎಲ್ಲ ಮತದವರೂ ತಮ್ಮ ತಮ್ಮ ಬಾಯಲ್ಲೇ ಮಾತಾಡುತ್ತಾರೆ. ಬ್ರೌನ್ ಕೇಳಿಸಿಕೊಳ್ಳುತ್ತಾನೆ, ಸಂದೇಹ ಕೇಳುತ್ತಾನೆ, ತಪ್ಪು ಎಂದು ತೀರ್ಪು ಕೊಡುವುದು ಕಡಿಮೆ. ಬಾಬಿಗಳ ಹುಡುಕಾಟವನ್ನೂ ಅವನು ಬಿಡಲಿಲ್ಲ. ಅಷ್ಟು ಹೊತ್ತಿಗೆ ಆ ಮತ ಎರಡು ಕವಲಾಗಿ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಆಗಿದ್ದರು. 1890ರಲ್ಲಿ ಸೈಪ್ರಸ್ಸಿಗೆ ಹೋಗಿ ತಮ್ಮ ಸುಬ್ಹೆ ಅಜಲನನ್ನು ಕಂಡ, ಅಲ್ಲಿಂದ ಅಕ್ಕಾಕ್ಕೆ ಹೋಗಿ ಅಣ್ಣ ಬಹಾವುಲ್ಲಾನನ್ನು ಕಂಡ. ಇಬ್ಬರ ಕಡೆಯ ಗ್ರಂಥಗಳನ್ನೂ ಸಂಪಾದಿಸಿ ಅಚ್ಚು ಹಾಕಿದ. ಇಬ್ಬರ ಕಡೆಯವರಿಂದಲೂ ಬೈಸಿಕೊಂಡ. ಆ ವಾದ ದೊಡ್ಡದು, ಇಲ್ಲಿಗೆ ಸಾಕು.

ಅರಬ್ಬಿ, ಪಾರಸಿ ಆಯಿತು, ಮೊದಲು ಕಲಿತ ತುರ್ಕಿ ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಗ್ಲಾಸ್ಗೋದಲ್ಲಿ ಹುಟ್ಟಿದ ಗಿಬ್ ಎಂಬ ಅವನ ಸ್ನೇಹಿತ ಆಟೋಮನ್ ಕಾವ್ಯದ ಚರಿತ್ರೆ ಬರೆಯುತ್ತಿದ್ದ. ಮೊದಲ ಸಂಪುಟ 1900ರಲ್ಲಿ ಬಂತು. 1901ರ ಡಿಸೆಂಬರಿನಲ್ಲಿ ಗಿಬ್ ತೀರಿಕೊಂಡ, ನಲವತ್ತನಾಲ್ಕು ವಯಸ್ಸು. ಬರೆದಿಟ್ಟ ಕಾಗದಗಳು ರಾಶಿ ಬಿದ್ದಿದ್ದವು. ಬ್ರೌನ್ ತನ್ನ ಪುಸ್ತಕವನ್ನು ಬದಿಗಿಟ್ಟು, ಸ್ನೇಹಿತನ ಕಾಗದಗಳನ್ನು ಜೋಡಿಸಿ, ಉಳಿದ ಐದು ಸಂಪುಟಗಳನ್ನು 1909ರೊಳಗೆ ಹೊರತಂದ. ಆರೂ ಸಂಪುಟದ ಮೇಲೆ ಇರುವುದು ಗಿಬ್‌ನ ಹೆಸರು. ಮಗನ ನೆನಪಿಗೆಂದು ಗಿಬ್‌ನ ತಾಯಿ ಹಣ ಇಟ್ಟಳು, ಆ ಹಣದಿಂದ ಅರಬ್ಬಿ, ಪಾರಸಿ, ತುರ್ಕಿ ಗ್ರಂಥಗಳನ್ನು ಅಚ್ಚು ಹಾಕುವ ಗಿಬ್ ಸ್ಮಾರಕ ಮಾಲೆ ಶುರುವಾಯಿತು. ಈ ಮಾಲೆಯ ಒಂದನೆಯ ಪುಸ್ತಕ ಯಾವುದು ಗೊತ್ತೇ? ನಮ್ಮ ಹೈದರಾಬಾದಿನದು! ಸಾಲಾರ್ ಜಂಗ್ ಮನೆತನದಲ್ಲಿದ್ದ ಬಾಬರನಾಮದ ಹಸ್ತಪ್ರತಿ. ಬಾಬರ್ ತನ್ನ ಕತೆಯನ್ನು ಚಗತಾಯ್ ತುರ್ಕಿಯಲ್ಲಿ ಬರೆದ. ಅದರ ಒಳ್ಳೆಯ ಪ್ರತಿ ಉಳಿದಿದ್ದು ಮೂಸಿ ನದಿಯ ದಡದಲ್ಲಿ. ಅನೆಟ್ ಬೆವರಿಜ್ ಎಂಬ ಹೆಂಗಸು ಅದನ್ನು ಇದ್ದ ಹಾಗೇ ಛಾಯಾಪ್ರತಿ ಮಾಡಿಸಿ 1905ರಲ್ಲಿ ಹೊರತಂದಳು. ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದವರು ಸಾಮಾನ್ಯವಾಗಿ ಗಂಟೆ ಹೊಡೆಯುವ ಗಡಿಯಾರ ನೋಡಿಕೊಂಡು ಬರುತ್ತೇವೆ.

ಈಗ ಆ ಹದಿನಾಲ್ಕು ವರ್ಷಕ್ಕೆ ಬರುತ್ತೇನೆ.

1906ರ ಬೇಸಗೆಯಲ್ಲಿ ತೆಹರಾನಿನ ವರ್ತಕರು, ಮುಲ್ಲಾಗಳು, ಕಸಬಿನವರು ಸೇರಿ 12,000ಕ್ಕೂ ಹೆಚ್ಚು ಜನ ಬ್ರಿಟಿಷ್ ರಾಯಭಾರ ಕಚೇರಿಯ ತೋಟದಲ್ಲಿ ಡೇರೆ ಹಾಕಿ ಕೂತರು. ದೊಡ್ಡವರ ಅಂಗಳ ಸೇರಿ ರಕ್ಷಣೆ ಬೇಡಿ ಕೂರುವುದು ಆ ದೇಶದ ಹಳೆಯ ಸಂಪ್ರದಾಯ. ಬೀದಿಗೊಂದರಂತೆ ಒಲೆ ಹೂಡಿ ಅಡಿಗೆ ಮಾಡಿಕೊಂಡು, ಶಾಹ ಪಾರ್ಲಿಮೆಂಟು ಕೊಡುವ ತನಕ ಏಳುವುದಿಲ್ಲ ಎಂದರು. ಆಗಸ್ಟ್ 5ರಂದು ಶಾಹ ಒಪ್ಪಿದ. ಮಜ್ಲಿಸ್ ಸೇರಿತು, ಸಂವಿಧಾನ ಬಂತು, ಪತ್ರಿಕೆಗಳು ಅಣಬೆಯ ಹಾಗೆ ಎದ್ದವು. ಕೇಂಬ್ರಿಜ್‌ನಲ್ಲಿ ಕೂತಿದ್ದ ಬ್ರೌನ್‌ಗೆ ಸಂತೋಷ ಹಿಡಿಯಲಾರದು. ಅವನು ಕಂಡಿದ್ದ ಪರ್ಷಿಯಾ ಹೆದರಿ ಪಿಸುಗುಟ್ಟುತ್ತಿದ್ದ ಪರ್ಷಿಯಾ. ಅದು ಈಗ ಗಟ್ಟಿಯಾಗಿ ಮಾತಾಡುತ್ತಿತ್ತು.

ವರ್ಷ ತುಂಬುತ್ತಲೇ ಹೊಡೆತ ಬಿತ್ತು. 1907ರ ಆಗಸ್ಟ್ 31ರಂದು ಬ್ರಿಟನ್ನೂ ರಷ್ಯಾವೂ ಒಪ್ಪಂದ ಮಾಡಿಕೊಂಡು ಪರ್ಷಿಯಾವನ್ನು ಪ್ರಭಾವವಲಯಗಳಾಗಿ ಗೆರೆ ಎಳೆದು ಹಂಚಿಕೊಂಡವು. ಉತ್ತರ ರಷ್ಯಾಕ್ಕೆ, ಆಗ್ನೇಯ ಬ್ರಿಟನ್ನಿಗೆ, ನಡುವಿನದು ಇಬ್ಬರಿಗೂ ಬಯಲು. ಇಂಡಿಯಾದ ಗಡಿಯ ಕಾವಲಿಗೆ ಬೇಕಂತೆ! ಮನೆಯ ಯಜಮಾನನನ್ನು ಒಂದು ಮಾತು ಕೇಳಲಿಲ್ಲ. ತೋಟದಲ್ಲಿ ಆಶ್ರಯ ಕೊಟ್ಟವರೇ ಮನೆಯನ್ನು ಪಾಲು ಹಾಕಿದ್ದರು. 1908ರ ಜೂನ್ 23ರಂದು ಹೊಸ ಶಾಹ ಮಹಮ್ಮದ್ ಅಲಿಯ ಪರವಾಗಿ ಲ್ಯಾಖೋವ್ ಎಂಬ ರಷ್ಯನ್ ಕರ್ನಲ್ ಕಸಾಕ್ ಪಡೆ ತಂದು ಮಜ್ಲಿಸ್ಸಿನ ಮೇಲೆ ಫಿರಂಗಿ ಹಾರಿಸಿದ. ಪತ್ರಕರ್ತರನ್ನು ಹಿಡಿದು ಕೊಂದರು, ಉಳಿದವರು ಓಡಿಹೋದರು.

ಬ್ರೌನ್ ಸಾಹಿತ್ಯ ಚರಿತ್ರೆಯ ಕಾಗದ ಕಟ್ಟಿಟ್ಟ. ಹಾಫಿಜ್ ಐನೂರು ವರ್ಷ ಕಾದವನು, ಇನ್ನೂ ಸ್ವಲ್ಪ ಕಾಯುತ್ತಾನೆ. ಅದೇ ವರ್ಷ ಲಂಡನ್ನಿನಲ್ಲಿ ಪರ್ಷಿಯಾ ಸಮಿತಿ ಎಂದು ಕಟ್ಟಿದರು. ಪಾರ್ಲಿಮೆಂಟಿನ ಸದಸ್ಯರನ್ನು ಹಿಡಿದು ಪ್ರಶ್ನೆ ಕೇಳಿಸುವುದು, ಪತ್ರಿಕೆಗಳಿಗೆ ಕಾಗದ ಬರೆಯುವುದು, ಪರ್ಷಿಯಾದಿಂದ ಬಂದ ಸುದ್ದಿಯನ್ನು ಅನುವಾದ ಮಾಡಿ ಹಂಚುವುದು, ಭಾಷಣ. ವಿದೇಶಮಂತ್ರಿ ಎಡ್ವರ್ಡ್ ಗ್ರೇ ಎದುರಿಗೆ ಈ ಅರಬ್ಬಿ ಪ್ರೊಫೆಸರ್ ನಿಂತ. ತಪ್ಪಿಸಿಕೊಂಡು ಬಂದ ಮಜ್ಲಿಸ್ ಸದಸ್ಯ ತಕೀಜಾದೆಯಂಥವರಿಗೆ ಕೇಂಬ್ರಿಜ್‌ನಲ್ಲಿ ಆಸರೆಯಾದ. 1910ರಲ್ಲಿ 1905ರಿಂದ 1909ರವರೆಗಿನ ಪರ್ಷಿಯಾದ ಕ್ರಾಂತಿಯ ಚರಿತ್ರೆ ಬರೆದ. ಕ್ರಾಂತಿಯ ಕಾವು ಆರುವ ಮುಂಚೆ ಬರೆದ ಪುಸ್ತಕ, ತಾನು ಯಾರ ಕಡೆ ಅನ್ನುವುದನ್ನು ಮುಚ್ಚಿಡದ ಪುಸ್ತಕ. ಸಂಶೋಧಕನಿಗೆ ನಿಷ್ಪಕ್ಷಪಾತ ಇರಬೇಕು ಎಂದು ನಮಗೆ ಸೆಮಿನಾರಿನಲ್ಲಿ ಹೇಳುತ್ತಾರೆ. ಇರಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ಕಾಲದ ಬಗ್ಗೆ ಬರೆಯುವವರು ಯಾರೂ ಇವತ್ತಿಗೂ ಈ ಪುಸ್ತಕವನ್ನು ದಾಟಿ ಹೋಗಲಾರರು, ಯಾಕೆಂದರೆ ಅದರಲ್ಲಿರುವ ಕಾಗದಪತ್ರಗಳು ಅವನನ್ನು ನಂಬಿದವರು ಅವನಿಗೇ ಕಳಿಸಿದವು.

1909ರ ಜುಲೈನಲ್ಲಿ ಸಂವಿಧಾನದ ಕಡೆಯವರು ತೆಹರಾನನ್ನು ಗೆದ್ದು ಶಾಹನನ್ನು ಇಳಿಸಿದ್ದರು. ಅದೂ ಬಾಳಲಿಲ್ಲ. 1911ರ ಕೊನೆಗೆ ರಷ್ಯಾ ಅಂತಿಮ ಎಚ್ಚರಿಕೆ ಕೊಟ್ಟಿತು, ಮಜ್ಲಿಸ್ ಮುಚ್ಚಿತು, ರಷ್ಯನ್ ಸೈನ್ಯ ತಬ್ರೀಜಿನಲ್ಲಿ ಗಲ್ಲುಗಂಬ ನೆಟ್ಟಿತು. ಡಿಸೆಂಬರ್ 31, ಆ ವರ್ಷ ಮೊಹರಮ್ಮಿನ ಹತ್ತನೆಯ ದಿನ. ಶಿಯಾಗಳಿಗೆ ಅದಕ್ಕಿಂತ ದೊಡ್ಡ ದುಃಖದ ದಿನವಿಲ್ಲ. ನಮ್ಮ ಹಳ್ಳಿಗಳಲ್ಲಿ ಅಲಾವಿ ಕುಣಿಯುವ ದಿನ ಅದೇ. ಆವತ್ತು ಊರಿನ ದೊಡ್ಡ ಧರ್ಮಗುರು ಸಿಕತುಲ್ ಇಸ್ಲಾಮನನ್ನೇ ನೇಣಿಗೆ ಹಾಕಿದರು. ಅಲ್ಲಿಂದ ಫೋಟೋಗಳು ಗುಟ್ಟಾಗಿ ಬ್ರೌನ್‌ನ ಕೈ ಸೇರಿದವು. ಅವುಗಳನ್ನು 1912ರಲ್ಲಿ ಕಿರುಪುಸ್ತಕ ಮಾಡಿ ಅಚ್ಚು ಹಾಕಿ, ಇದರಲ್ಲಿ ಇಂಗ್ಲೆಂಡಿನ ಹೊಣೆಯೂ ಇದೆ ಎಂದು ಮುಖಪುಟದಲ್ಲೇ ಹಾಕಿಸಿದ. ಸಾಲಾಗಿ ತೂಗುತ್ತಿರುವ ದೇಹಗಳು. ಊಟಕ್ಕೆ ಮುಂಚೆ ನೋಡಬಾರದಂಥವು.

ಏನೂ ಫಲವಾಗಲಿಲ್ಲ ಎಂದೇ ಹೇಳಬೇಕು. ಸರಕಾರದ ನೀತಿ ಒಂದು ಕೂದಲೆಳೆ ಅಲುಗಲಿಲ್ಲ. 1914ರಲ್ಲಿ ಮಹಾಯುದ್ಧ ಬಂತು, ರಷ್ಯಾ ಮಿತ್ರನಾಯಿತು, ಪರ್ಷಿಯಾದ ಹೆಸರೆತ್ತುವವರಿಲ್ಲ. ಮೇಲಿಂದ ಹುಡುಗತನದಿಂದ ಪ್ರೀತಿಸಿದ ತುರ್ಕರು ಈಗ ಶತ್ರುಗಳು. ಆ ವರ್ಷವೇ ಅವನು ಹೊಸ ಪರ್ಷಿಯಾದ ಪತ್ರಿಕೆಗಳು, ಪದ್ಯಗಳ ಬಗ್ಗೆ ಒಂದು ಪುಸ್ತಕ ತಂದ. ನೂರಾರು ಪತ್ರಿಕೆಗಳ ಪಟ್ಟಿ, ಬೀದಿಯಲ್ಲಿ ಹುಟ್ಟಿದ ರಾಜಕೀಯ ಹಾಡುಗಳು, ಮೂಲದ ಜೊತೆ ಅನುವಾದ. ಪಾರಸಿ ಕಾವ್ಯ ಐನೂರು ವರ್ಷದ ಹಿಂದೆಯೇ ಸತ್ತಿದೆ ಎಂದು ನಂಬಿದ್ದ ಪಂಡಿತರಿಗೆ ಅದು ಉತ್ತರ. ಆಮೇಲೆ ಕಟ್ಟಿಟ್ಟ ಕಾಗದ ಬಿಚ್ಚಿ ಮೂರನೆಯ ಸಂಪುಟ ಮುಗಿಸಿದ. ನಾಲ್ಕನೆಯದನ್ನು 1500ಕ್ಕೆ ಶುರುಮಾಡಿ ತಾನು ಬರೆಯುತ್ತಿದ್ದ 1924ರ ತನಕ ತಂದು ನಿಲ್ಲಿಸಿದ. ಕ್ರಾಂತಿ ಬಾರದೆ ಹೋಗಿದ್ದರೆ ಆ ಸಂಪುಟ ಅಷ್ಟು ಮುಂದಕ್ಕೆ ಬರುತ್ತಿರಲಿಲ್ಲ ಅಂತ ನನ್ನ ಎಣಿಕೆ.

ಅವನಲ್ಲಿ ಕೊರತೆಗಳೂ ಇವೆ. ಫಿರ್ದೂಸಿಯ ಶಾಹನಾಮೆ ಅವನಿಗೆ ರುಚಿಸಲೇ ಇಲ್ಲ. ಅದನ್ನು ನೇರವಾಗಿ ಬರೆದುಕೊಂಡ; ಇರಾನಿನವರು ಇವತ್ತಿಗೂ ಕ್ಷಮಿಸಿಲ್ಲ. ನನ್ನ ಜಗಳ ಬೇರೆ. ಪಾರಸಿ ಸಾಹಿತ್ಯ ಅಂದರೆ ಇರಾನಿನದು ಅಂತ ಅವನು ಬೇಲಿ ಹಾಕಿಕೊಂಡುಬಿಟ್ಟ. ದಖನ್ನಿಗೆ ಅದರಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಇರಾನಿನಿಂದ ಬಂದ ಮಹಮೂದ್ ಗವಾನ್ ಬೀದರದಲ್ಲಿ ಮದರಸಾ ಕಟ್ಟಿಸಿದ, ಅಲ್ಲಿಂದ ಹೇರಾತಿನ ಕವಿ ಜಾಮಿಗೆ ಕಾಗದ ಬರೆದು ಕರೆದ. ಜುಹೂರಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ನಿಂತು, ಸರಸ್ವತಿಯನ್ನು ನೆನೆಯುವ ಆ ಸುಲ್ತಾನನ ನವರಸ ಗ್ರಂಥಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದ. ಫಿರಿಶ್ತಾ ತನ್ನ ಚರಿತ್ರೆ ಬರೆದದ್ದು ಬಿಜಾಪುರದಲ್ಲಿ. ಇದೆಲ್ಲ ನಮ್ಮ ನೆಲದಲ್ಲಿ ನಡೆದದ್ದು, ನಮ್ಮ ದಫ್ತರ, ಖಜಾನೆ, ಜಮೀನು, ರುಮಾಲು ಎಲ್ಲ ಆ ದಾರಿಯಲ್ಲೇ ಬಂದದ್ದು. ಬ್ರೌನ್ ನೋಡದೆ ಬಿಟ್ಟ ಈ ಮೂಲೆಯಲ್ಲಿ ನಮಗೆ ಬೇಕಾದಷ್ಟು ಕೆಲಸವಿದೆ, ಕನ್ನಡವೂ ಪಾರಸಿಯೂ ಎರಡೂ ಓದಬಲ್ಲವರು ಬೇಕು ಅಷ್ಟೆ. ಎಡ್ವರ್ಡ್ ಸಯೀದ್ 1978ರಲ್ಲಿ ಬರೆದ ಓರಿಯಂಟಲಿಸಂ ಪುಸ್ತಕ ಓದಿದವರು, ಈ ಪೌರ್ವಾತ್ಯ ವಿದ್ವಾಂಸರೆಲ್ಲ ಸಾಮ್ರಾಜ್ಯದ ಗುಮಾಸ್ತರಲ್ಲವೇ ಅಂತ ನನ್ನನ್ನು ಕೇಳುತ್ತಾರೆ. ಪಾಮರನನ್ನು ಅಲ್ಲಿ ಕೂರಿಸಬಹುದು. ಬ್ರೌನ್‌ನನ್ನು ಅಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ. ಅವನೂ ಬ್ರಿಟಿಷ್ ದೂತಾವಾಸಗಳಿಗೆ ಹೋಗುವ ಹುಡುಗರಿಗೆ ಪಾಠ ಹೇಳಿದ, ಸುಳ್ಳಲ್ಲ. ತಂದೆಯ ದುಡ್ಡು ಬೆನ್ನಿಗಿತ್ತು, ಆದ್ದರಿಂದ ಮಂತ್ರಿಗಳಿಗೆ ಹೆದರಬೇಕಾಗಿರಲಿಲ್ಲ, ಅದೂ ಸುಳ್ಳಲ್ಲ. ದುಡ್ಡಿದ್ದ ಬೇರೆಯವರು ಹೆದರಲಿಲ್ಲವೇ?

ಗುರುವಾಗಿ ಹೇಗಿದ್ದ? ವೇಗವಾಗಿ ಮಾತಾಡುವವನು, ಪಾಠದಲ್ಲಿ ಟಿಪ್ಪಣಿ ಬರೆದುಕೊಳ್ಳುವವರು ಕೈಸೋಲಬೇಕು. ರಾತ್ರಿ ಅವನ ಕೋಣೆಯಲ್ಲಿ ಸೇರಿದರೆ ಮಾತು ಯಾವಾಗ ಮುಗಿಯುವುದೋ ಹೇಳುವಂತಿಲ್ಲ. ಕೆರ್ಮಾನಿನ ಅಭ್ಯಾಸ, ಚಿಲುಮೆ ಮಾತ್ರ ಇಲ್ಲ. ಲಾಹೋರಿನ ಮಹಮ್ಮದ್ ಇಕ್ಬಾಲ್ ಅವನ ಹತ್ತಿರ ಸಂಶೋಧನೆ ಮಾಡಿ ಸೆಲ್ಜೂಕರ ಚರಿತ್ರೆಯ ರಾಹತುಸ್ಸುದೂರ್ ಎಂಬ ಗ್ರಂಥವನ್ನು ಸಂಪಾದಿಸಿದ, ಅದು 1921ರಲ್ಲಿ ಗಿಬ್ ಮಾಲೆಯಲ್ಲೇ ಬಂತು. (ಇವನು ಕವಿ ಇಕ್ಬಾಲ್ ಅಲ್ಲ. ಕವಿಯೂ ಕೇಂಬ್ರಿಜ್‌ನಲ್ಲಿದ್ದವನೇ, ಹೆಸರು ಒಂದೇ ಆದ್ದರಿಂದ ಕ್ಯಾಟಲಾಗ್ ನೋಡುವವರು ಹುಷಾರಾಗಿರಬೇಕು.) ಇರಾನಿನ ಮಹಮ್ಮದ್ ಕಜ್ವೀನಿ ಜುವೈನಿಯ ಮಂಗೋಲ್ ಚರಿತ್ರೆಯನ್ನು ಇದೇ ಮಾಲೆಗೆ ಸಂಪಾದಿಸಿದ, ಸಂಪಾದಕ ಎಂದು ಅವನ ಹೆಸರೇ ಮುಖಪುಟದಲ್ಲಿದೆ. ಮುನ್ಷಿಗಳಿಂದ ಕೆಲಸ ಮಾಡಿಸಿಕೊಂಡು ಸಾಹೇಬರ ಹೆಸರು ಹಾಕಿಕೊಳ್ಳುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಕಲಿತ ವೈದ್ಯವೂ ಕೊನೆಗೆ ಕೆಲಸಕ್ಕೆ ಬಂತು. ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ 1919 ಮತ್ತು 1920ರಲ್ಲಿ ಅರಬ್ ವೈದ್ಯದ ಮೇಲೆ ಉಪನ್ಯಾಸ ಕೊಟ್ಟ, 1921ರಲ್ಲಿ ಅದೂ ಪುಸ್ತಕವಾಯಿತು. ರಾಜಿ, ಇಬ್ನ್ ಸೀನಾರ ಗ್ರಂಥಗಳನ್ನು ಮೂಲದಲ್ಲಿ ಓದಿ, ಅವರು ಹೇಳಿದ ರೋಗ ಯಾವುದು ಎಂದು ಡಾಕ್ಟರನ ಕಣ್ಣಿನಿಂದಲೂ ನೋಡಬಲ್ಲವನು ಅವನ ಹೊರತು ಇನ್ನೊಬ್ಬ ಸಿಗುವುದು ಕಷ್ಟವಿತ್ತು.

ಮದುವೆಯಾದದ್ದು ತಡವಾಗಿ, 1906ರಲ್ಲಿ. ಹೆಂಡತಿ ಆಲಿಸ್, ಇಬ್ಬರು ಗಂಡುಮಕ್ಕಳು. 1922ರಲ್ಲಿ ಅರವತ್ತು ತುಂಬಿದಾಗ ಇರಾನಿನ ಕವಿಗಳು, ಪಂಡಿತರು ಅವನ ಮೇಲೆ ಪದ್ಯ ಬರೆದು ಕಳಿಸಿದರು. ಶಿಷ್ಯರೂ ಸ್ನೇಹಿತರೂ ಒಂದು ಅಭಿನಂದನ ಗ್ರಂಥ ಅರ್ಪಿಸಿದರು. 1924ರ ಕೊನೆಗೆ ಎದೆನೋವು ಬಂದು ಮಲಗಿದ. ಮುಂದಿನ ಬೇಸಗೆಯಲ್ಲಿ ಆಲಿಸ್ ತೀರಿಕೊಂಡಳು. ಆಮೇಲೆ ಅವನೂ ಹೆಚ್ಚು ದಿನ ಇರಲಿಲ್ಲ, 1926ರ ಜನವರಿ 5ರಂದು ಹೋದ. ಅವನ ಕುರ್ಚಿಗೆ ನಿಕಲ್ಸನ್ ಬಂದ. ಬ್ರೌನ್ ಕೂಡಿಸಿದ್ದ ಹಸ್ತಪ್ರತಿಗಳ ಪಟ್ಟಿ ಅರ್ಧಕ್ಕೆ ನಿಂತಿತ್ತು, ನಿಕಲ್ಸನ್ ಅದನ್ನು ಪೂರ್ತಿ ಮಾಡಿ 1932ರಲ್ಲಿ ಅಚ್ಚು ಹಾಕಿಸಿದ. ಗಿಬ್‌ನ ಕಾಗದಗಳಿಗೆ ಬ್ರೌನ್ ಮಾಡಿದ್ದನ್ನು ಬ್ರೌನ್‌ನ ಕಾಗದಗಳಿಗೆ ಅವನು ಮಾಡಿದ. ತೆಹರಾನ್ ವಿಶ್ವವಿದ್ಯಾಲಯದ ಪಕ್ಕದ ಒಂದು ಬೀದಿಗೆ ಎಡ್ವರ್ಡ್ ಬ್ರೌನ್ ಎಂದು ಹೆಸರಿಟ್ಟರು. 1979ರ ಕ್ರಾಂತಿಯಾದ ಮೇಲೆ ಆ ಊರಿನಲ್ಲಿ ಬೀದಿಗಳ ಹೆಸರು ಬದಲಾಯಿಸಿದ್ದೇ ಬದಲಾಯಿಸಿದ್ದು. ಚರ್ಚಿಲ್‌ನ ಹೆಸರಿದ್ದ ಬೀದಿಗೆ ಐರ್ಲೆಂಡಿನ ಜೈಲಿನಲ್ಲಿ ಉಪವಾಸ ಸತ್ತ ಬಾಬಿ ಸ್ಯಾಂಡ್ಸ್‌ನ ಹೆಸರು ಬಂತು. ಬ್ರೌನ್‌ನ ಬೀದಿಯನ್ನು ಹಾಗೇ ಬಿಟ್ಟರು.